ಶ್ಯಾಮಸುಂದರನ ಫೈಯರ್‌ಆಬೆಂಟ್

ಶ್ಯಾಮಸುಂದರನ ಗ್ರಹಚಾರ ಕೆಟ್ಟಿದ್ದು ಒಂದೇ ಒಂದು ಜರ್ಮನ್ ಪದದಿಂದ. ಧಾರಾವಾಹಿ ನೋಡಿ ನೋಡಿ ಬೇಸತ್ತ ಹೆಂಡತಿ ಅಲಮೇಲು ಬಸವೇಶ್ವರನಗರದಲ್ಲಿ ಜರ್ಮನ್ ಕ್ಲಾಸು ಸೇರಿದ್ದಳು. ಅಲ್ಲಿ ಕಲಿತದ್ದನ್ನೆಲ್ಲ ಬೆಳಗಿನ ತಿಂಡಿಯ ಜೊತೆ ಗಂಡನಿಗೂ ಬಡಿಸುತ್ತಿದ್ದಳು.

“ಇವತ್ತಿನ ಪದ ಫೈಯರ್‌ಆಬೆಂಟ್, ರೀ. ಕೆಲಸ ಮುಗಿದ್ಮೇಲೆ ನಮಗೆ ಅಂತ ಸಿಗೋ ಸಂಜೆ. ಆಮೇಲೆ ಬಾಸು ಫೋನೂ ಮಾಡಲ್ವಂತೆ. ಹೊರಡೋವಾಗ ‘ಒಳ್ಳೇ ಫೈಯರ್‌ಆಬೆಂಟ್’ ಅಂತ ಹಾರೈಸ್ತಾರಂತೆ!”

“ಅಂಥದ್ದಕ್ಕೂ ಒಂದು ಹೆಸರಿದ್ಯಾ!” ಶ್ಯಾಮಸುಂದರನಿಗೆ ಕಣ್ಣು ತುಂಬಿ ಬಂತು.

“ಸಂಜೆ ಆರಕ್ಕೆ ಕ್ಲಾಸಲ್ಲಿ ಎಲ್ಲರ ಮುಂದೆ ನಾನು ಮಾತಾಡ್ಬೇಕು. ಮನೆಯವರನ್ನೂ ಕರೆದಿದಾರೆ. ಇವತ್ತೂ ಕೈ ಕೊಟ್ರೆ ನಾಳೆಯಿಂದ ಅಡುಗೆ ನಿಮ್ಮದೇ.”

ರಾಜಾಜಿನಗರದ ನಟ್ಟು-ಬೋಲ್ಟು ಕಾರ್ಖಾನೆಯಲ್ಲಿ ಅವನು ಲೆಕ್ಕ ನೋಡುತ್ತಿದ್ದ. ಐದೂವರೆಗೆ ಚೀಲ ಹೆಗಲಿಗೇರಿಸಿದನೆಂದರೆ ಸಾಕು, ಮಾಲೀಕ ಶಂಭುಲಿಂಗಪ್ಪನವರು “ಶ್ಯಾಮೂ, ಒಂದ್ನಿಮಿಷ” ಎನ್ನುತ್ತಿದ್ದರು. ಆ ನಿಮಿಷ ಎಂಟು ಗಂಟೆಗೆ ಮೊದಲು ಮುಗಿದದ್ದೇ ಇಲ್ಲ.

ಹೊಸ ಪದವನ್ನು ಪಕ್ಕದ ಸೀಟಿನ ಬಾಳೇಶನ ಕಿವಿಯಲ್ಲಿ ಹೇಳಿದ್ದೇ ತಪ್ಪಾಯಿತು. ಊಟದ ಹೊತ್ತಿಗೆ ಇಡೀ ಕಾರ್ಖಾನೆಯೇ ಅದನ್ನು ಜಪಿಸುತ್ತಿತ್ತು.

“ಕೇಳೇಬಿಡಿ ಸಾರ್, ನಿಮ್ಮ ಹಿಂದೆ ನಾವಿದೀವಿ,” ಎಂದು ಸ್ಟೋರಿನ ಅಮೀನಪ್ಪ ಅವನನ್ನು ಐದು ಗಂಟೆಗೆ ಮಾಲೀಕರ ಕೋಣೆಗೆ ತಳ್ಳಿಯೇಬಿಟ್ಟ. ಒಳಗೆ ಹೋಗಿ ತಿರುಗಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯೂ ಇಲ್ಲ.

ಶ್ಯಾಮಸುಂದರ ಪದದ ಅರ್ಥ ಬಿಡಿಸಿ ಹೇಳಿದ. ಶಂಭುಲಿಂಗಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು.

“ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ? ಮುಂದಿನ ವಾರ ಜರ್ಮನಿ ಪಾರ್ಟಿ ನಮ್ಮ ಮಾಲು ನೋಡೋಕೆ ಬರ್ತಾ ಇದಾರೆ. ಇವತ್ತಿಂದ್ಲೇ ನಮ್ಮಲ್ಲೂ ಫೈಯರ್‌ಆಬೆಂಟ್! ಐದೂವರೆ ಆದ್ಮೇಲೆ ಒಬ್ರೂ ಇರಕೂಡ್ದು!”

ಹೊರಗೆ ಸಿಳ್ಳೆಯೋ ಸಿಳ್ಳೆ. ಶ್ಯಾಮಸುಂದರ ಓಡಿಬಂದು ಚೀಲ ಎತ್ತಿಕೊಂಡ.

“ಶ್ಯಾಮೂ, ಒಂದ್ನಿಮಿಷ. ಎಲ್ಲರೂ ಹೋದ್ರಾ ಅಂತ ನೋಡೋಕೆ ಒಬ್ರು ಇನ್‌ಚಾರ್ಜ್ ಬೇಕಲ್ಲ? ಐಡಿಯಾ ನಿಮ್ಮದೇ, ನೀವೇ ನೋಡ್ಕೊಳಿ. ಲೈಟು ಫ್ಯಾನು ಆರಿಸಿ, ಶೆಡ್ಡುಗಳ ಫೋಟೋ ಕಳ್ಸಿ, ಜರ್ಮನಿಯವ್ರಿಗೆ ತೋರ್ಸೋಕೆ ಒಂದು ರಿಪೋರ್ಟ್ ಬರೆದಿಟ್ಟು ಹೊರಡಿ. ದಿನಾ!”

“ಒಳ್ಳೇ ಫೈಯರ್‌ಆಬೆಂಟ್ ಸಾರ್!” ಎಂದು ಒಬ್ಬೊಬ್ಬರಾಗಿ ಅವನಿಗೆ ಹಾರೈಸುತ್ತಾ ಎಲ್ಲರೂ ಗೇಟು ದಾಟಿದರು.

ಎಂಟಕ್ಕೆ ಅವನಿನ್ನೂ ರಿಪೋರ್ಟ್ ಬರೆಯುತ್ತಿದ್ದಾಗ ಅಲಮೇಲುವಿನ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿಯೇ ಅವನು ಎತ್ತಿಕೊಂಡ.

“ರೀ, ನನಗೇ ಫಸ್ಟ್ ಪ್ರೈಜು! ಆ ಪದ ಬಳಸಿ ಒಂದು ವಾಕ್ಯ ಹೇಳಿ ಅಂದ್ರು. ನಿಮ್ಮ ಖಾಲಿ ಕುರ್ಚಿ ತೋರ್ಸಿ ‘ನನ್ನ ಗಂಡನಿಗೆ ಫೈಯರ್‌ಆಬೆಂಟ್ ಇಲ್ಲ’ ಅಂದೆ. ಇಷ್ಟು ಚೆನ್ನಾಗಿ ಯಾರೂ ಅರ್ಥ ಮಾಡ್ಸಿಲ್ಲ ಅಂತ ಮೇಡಂ ಚಪ್ಪಾಳೆ ತಟ್ಟಿಸಿದ್ರು!”

ಅವನು ಕಾರ್ಖಾನೆಯಲ್ಲಿ ನಡೆದದ್ದನ್ನೆಲ್ಲ ಹೇಳಿಕೊಂಡು ಕೊನೆಗೆ ಕೇಳಿದ, “ಹಾಗಾದ್ರೆ ಅಡುಗೆ...?”

“ನಾನೇ ಮಾಡ್ತೀನಿ ಬಿಡಿ. ನಾಳೆಯ ಪದ ಊರ್‌ಲೌಬ್, ರಜೆ ಅಂತ ಅರ್ಥ. ನಿಮ್ಮ ದಮ್ಮಯ್ಯ, ಆಫೀಸಲ್ಲಿ ಬಾಯಿ ಬಿಡ್ಬೇಡಿ. ಇರೋ ಭಾನುವಾರಾನೂ ಹೋಗುತ್ತೆ!”