ಎಳ್ಳಿಲ್ಲ, ಜೀರಿಗೆ ಆತ್ತಾ?

ಬೆಂಗಳೂರಿನ ಹೊಸ ಬರ್ಗರ್ ಅಂಗಡಿಗಳೆಲ್ಲ ಕೋಟೇಶ್ವರದ ದಿಕ್ಕಿಗೆ ತಿರುಗಿ ಕೈ ಮುಗಿಯಬೇಕು, ಅಂಥ ಬರ್ಗರ್ ಮಾಡಿಯೇ ತೀರುತ್ತೇನೆಂದು ಚಂದನಾ ಶನಿವಾರ ಬೆಳಿಗ್ಗೆ ಶಪಥ ಮಾಡಿದಳು.

ಕಾರಣ ಮಗಳು ಮೋಕ್ಷಿತಾ. ರಜೆಯಲ್ಲಿ ಬೆಂಗಳೂರಿನ ತವರಿಗೆ ಹೋದಾಗ ಚಂದನಾಳೇ ಮಗುವನ್ನು ಒಂದು ಬರ್ಗರ್ ಅಂಗಡಿಯಿಂದ ಇನ್ನೊಂದಕ್ಕೆ ಕ್ಷೇತ್ರದರ್ಶನದ ಹಾಗೆ ಸುತ್ತಿಸಿದ್ದಳು. ಒಂದು ಕಡೆ ಇದ್ದಿಲು ಬೆರೆಸಿದ ಕಪ್ಪು ಬನ್ನು, ಇನ್ನೊಂದು ಕಡೆ ಕೈಗೆ ಗ್ಲೌಸ್ ಹಾಕಿಕೊಂಡೇ ಈಜಬೇಕಾದ ಚೀಸಿನ ಪ್ರವಾಹ! ಕೋಟೇಶ್ವರದ ಮನೆಗೆ ಮರಳಿದ್ದೇ ತಡ, ಅನ್ನ, ಮೀನುಸಾರು, ನೀರುದೋಸೆ ಎಲ್ಲಕ್ಕೂ ಮಗು ತುಟಿ ಬಿಗಿಯಿತು. ಬರ್ಗರ್ ಸಿಗದ ಹೊಟ್ಟೆಗೆ ಬರಗಾಲ! ಚಂದನಾ ಮಗುವಿನ ಪಕ್ಕೆಲುಬು ಮುಟ್ಟಿ ನೋಡುವಳು, ಗೂಗಲ್ ನೋಡುವಳು, ಹೆದರಿ ಮತ್ತೆ ಪಕ್ಕೆಲುಬು ಮುಟ್ಟುವಳು. ಅತ್ತೆ ವನಜಮ್ಮ ಮಾತ್ರ, ಹಸಿವಾದರೆ ತಾನೇ ತಿನ್ನುತ್ತದೆ ಎಂದು ನಿಶ್ಚಿಂತೆಯಿಂದ ಬಸಳೆ ಹೆಚ್ಚುತ್ತಿದ್ದರು.

ಅಂಜಲ್ ಮೀನು ಬೆಂದಿತು. ಮುಳ್ಳು ಉಳಿದೀತೆಂದು ಚಂದನಾ ಒಂದೊಂದು ಎಳೆಯನ್ನೂ ಬೆಳಕಿಗೆ ಹಿಡಿದು ತನಿಖೆ ನಡೆಸಿದಳು. ಆಲೂಗಡ್ಡೆ, ಕಾಳುಮೆಣಸು ಸೇರಿ ದುಂಡನೆಯ ಪ್ಯಾಟಿಗಳು ಎದ್ದುನಿಂತವು. ಜೊತೆಯಿದ್ದರೆ ಮಗು ಇನ್ನೊಂದು ತುತ್ತು ಹೆಚ್ಚು ತಿಂದೀತೆಂದು ಮೀನು ತಿನ್ನುವ ಮನೆಗಳ ಅವಳ ಪುಟ್ಟ ಗೆಳತಿಯರನ್ನೂ ಕರೆದಾಯಿತು. ಉಳಿದದ್ದು ಬನ್ನೊಂದೇ. ಕುಂದಾಪುರ ಪೇಟೆಗೆ ಹೋಗಿದ್ದ ಗಂಡ ರತನ್‌ಗೆ ಫೋನು ಹೋಯಿತು.

“ಬರುವಾಗ ಬನ್ಸ್ ತನ್ನಿ. ದೊಡ್ಡದಾಗಿ, ಮೆತ್ತಗೆ, ಇವತ್ತೇ ಮಾಡಿದ್ದಾಗಿರಬೇಕು. ಎಳ್ಳಿದ್ದರೆ ಇನ್ನೂ ಒಳ್ಳೇದು.”

ಸ್ವಲ್ಪ ಹೊತ್ತಿಗೆ ಅವನೇ ಫೋನು ಮಾಡಿದ.

“ಎಳ್ಳ್ ಹಾಕುದಿಲ್ಲ ಅಂಬ್ರ್ ಮಾರಾಯ್ತಿ. ಜೀರಿಗೆ ಇತ್ತಂಬ್ರ್. ಆತ್ತಾ?”

ಜೀರಿಗೆ ಬನ್! ಚಂದನಾಗೆ ರೋಮಾಂಚನವಾಯಿತು. ಇದ್ದಿಲು ಹಾಕುವವರಿಗೇ ಇಲ್ಲದ ನಾಚಿಕೆ ಜೀರಿಗೆಗೇಕೆ?

ಗೆಳತಿಯರು ಬಂದು ಸಾಲಾಗಿ ಕೂತು ತಟ್ಟೆ ಬಡಿಯತೊಡಗಿದಾಗ ರತನ್ ಎಣ್ಣೆ ಜಿನುಗುವ ಪೊಟ್ಟಣ ಹಿಡಿದು ಒಳಬಂದ. ಬಿಚ್ಚಿದರೆ ಘಮ್ಮೆಂದು ಬಾಳೆಹಣ್ಣಿನ ವಾಸನೆ! ಮೈದಾಕ್ಕೆ ಹಣ್ಣು ಕಲಸಿ, ಲಟ್ಟಿಸಿ, ಎಣ್ಣೆಯಲ್ಲಿ ಕರಿದ, ಹೋಟೆಲಿನ ಸಿಹಿ ಬನ್ಸ್ ಹೊಟ್ಟೆ ಉಬ್ಬಿಸಿಕೊಂಡು ಅವಳನ್ನೇ ನೋಡುತ್ತಿತ್ತು.

“ಇದೇನ್ರೀ ಇದು?”

“ಬನ್ಸ್.”

“ನಾನು ಹೇಳಿದ್ದು ಬರ್ಗರ್ ಬನ್ನು!”

“ನೀ ಹೇಳದ್ದ್ ಬನ್ಸ್. ದೊಡ್ಡದ್, ಮೆತ್ತಗಿಂದ್, ಇವತ್ತಿಂದ್. ಎಲ್ಲಾ ಕೇಂಡೇ ತಂದದ್ದ್.”

ವನಜಮ್ಮ ಇಣುಕಿ ನೋಡಿ ತೀರ್ಪು ಕೊಟ್ಟರು: “ಬನ್ಸಂದ್ರೆ ಬನ್ಸೇ ಅಲ್ದಾ ಮಗಾ? ಬನ್ನ್ ಬೇಕಾರೆ ಒಂದ್ ‘ಸ್’ ಕಮ್ಮಿ ಹೇಳ್ಕಿತ್.”

ಒಂದೇ ಒಂದು ‘ಸ್’! ಅದರ ಸುಳಿಯಲ್ಲಿ ಚಂದನಾಳ ಇಡೀ ಬೆಂಗಳೂರು ಮುಳುಗಿಹೋಯಿತು. ಆದರೆ ತಟ್ಟೆಗಳ ಸದ್ದು ಜೋರಾಗುತ್ತಿತ್ತು. ಬೇರೆ ದಾರಿ ಕಾಣದೆ ಬನ್ಸಿನ ಹೊಟ್ಟೆ ಸೀಳಿ, ಪ್ಯಾಟಿ ತುರುಕಿ, ಕೋಸು ಉದುರಿಸಿ, ಸಾಸು ಸುರಿದು, ಕಂಡ ದೇವರಿಗೆಲ್ಲ ಹರಕೆ ಹೊತ್ತು ಬಡಿಸಿ, ಅಡುಗೆಮನೆಯ ಬಾಗಿಲ ಹಿಂದೆ ಅಡಗಿದಳು.

ಒಳಗಿಂದ ಇಣುಕಿದರೆ ಮಕ್ಕಳ ಬೆನ್ನುಗಳಷ್ಟೇ ಕಾಣುತ್ತಿದ್ದವು. ಎಲ್ಲವೂ ಬರಗೆಟ್ಟು ತಿನ್ನುತ್ತಿದ್ದವು! ಮೋಕ್ಷಿತಾಳ ದನಿಯೂ ಕೇಳಿತು: ಇನ್ನೊಂದು ಬೇಕಂತೆ. ಚಂದನಾಳ ಕಣ್ಣು ತುಂಬಿ ಬಂತು. ಬೆಳೆಯುವ ಮಕ್ಕಳಿಗೆ ಮೀನಿನ ಪ್ರೋಟೀನು ಎಷ್ಟು ಮುಖ್ಯವೆಂದು ಅತ್ತೆಗೆ ಪಾಠ ಹೇಳಿದಳು. ಹೈವೇ ಪಕ್ಕ ಒಂದು ಅಂಗಡಿಕೋಣೆ ನೋಡಿಡಿ ಎಂದು ಗಂಡನಿಗೆ ಅಪ್ಪಣೆ ಕೊಟ್ಟಳು. ಹೊಗಳಿಕೆಗೆ ಕಿವಿಯನ್ನು ಸಿದ್ಧ ಮಾಡಿಕೊಂಡು, ರಾಣಿಯ ನಡಿಗೆಯಲ್ಲಿ ಜಗಲಿಗೆ ಬಂದಳು.

ಬನ್ಸು ಚೂರೂ ಉಳಿದಿರಲಿಲ್ಲ. ಪ್ರತಿ ತಟ್ಟೆಯ ಅಂಚಿನಲ್ಲೂ ಅಂಜಲ್ ಪ್ಯಾಟಿ, ಕೋಸಿನ ಟೋಪಿ ಸಮೇತ, ಅಖಂಡವಾಗಿ ಕೂತಿತ್ತು.

ಮೋಕ್ಷಿತಾ ಬೆರಳು ನೆಕ್ಕುತ್ತ ಅಮ್ಮನನ್ನು ಸಮಾಧಾನಪಡಿಸಿದಳು:

“ಬರ್ಗರ್ ಲಾಯ್ಕಿತ್ತಮ್ಮ. ಒಳ್ಗೆ ಎಂತದೋ ಬಿದ್ದಿತ್ತ್, ಎಲ್ಲರೂ ತೆಗ್ದಿಟ್ರ್.”