ಕೆರೆಗೆ ದೋಣಿ ಬಂದ ಮೇಲೆ

ಹಾನಗಲ್ ಸೀಮೆಯ ನಮ್ಮೂರ ಕೆರೆಗೆ ವಿಹಾರದ ದೋಣಿ ಬಂದಾಗಿನಿಂದ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ನನ್ನ ಲಿಂಗಪೂಜೆಗೆ ಮುಂಜಾನೆ ಒಂದು ಕೊಡ ನೀರು ಇದೇ ಕೆರೆಯಿಂದ ಬರಬೇಕು. ನೀರು ಹೊಲಸಾದರೆ ಪೂಜೆಗೇ ಕುತ್ತು ಎಂದು ನಾನು ಸಭೆಯಲ್ಲಿ ಗೋಳಾಡಿದ್ದೇ ತಪ್ಪಾಯಿತು. ಕೆರೆ ಸಮಿತಿಯವರು, “ಹಂಗಾರ ದೋಣಿ ಹೊಲಸು ನೀರಿಗೆ ಬೀಳದಂಗ ನೀವ ಕಾಯ್ರಿ” ಎಂದುಬಿಟ್ಟರು.

೧. ಬುಟ್ಟಿ

ಶಿಗ್ಗಾಂವದಿಂದ ಬಂದ ಮಂದಿ ಖಾರ ತಿಂದು ಖಾಲಿ ಪೊಟ್ಟಣಗಳನ್ನು ನೀರಿಗೆ ಎಸೆಯುತ್ತಿದ್ದರು. ದೋಣಿಯಲ್ಲಿ ಒಂದು ಬುಟ್ಟಿ ಇಡಿಸಿ, “ಕಸ ಇದಕ್ಕ ಬೀಳಬೇಕು, ಬುಟ್ಟಿ ಸ್ವಚ್ಛ ಇರಬೇಕು” ಎಂದು ದೋಣಿಯವನಿಗೆ ತಾಕೀತು ಮಾಡಿದೆ. ಸಂಜೆ ನೋಡಿದರೆ ಬುಟ್ಟಿ ತೊಳೆದಿಟ್ಟ ಹಾಗಿದೆ.

“ಕಸ ಎಲ್ಲೋ?”

“ಬುಟ್ಟಿಗೇ ಬಿತ್ರಿ. ಆಮ್ಯಾಲೆ ನೀರಾಗ ಸುರುವಿ, ಬುಟ್ಟಿ ತಿಕ್ಕಿ ಇಟ್ಟೇನಿ. ಎರಡೂ ಮಾತು ಪಾಲಿಸೇನಿ ನೋಡ್ರಿ!”

೨. ಎಲಿ ಅಡಿಕಿ

ಸವಣೂರಿನ ನಮ್ಮ ಬೀಗರು ದೋಣಿ ಹತ್ತಿದರು. ಬಾಯಿ ತುಂಬ ಅವರದೇ ತೋಟದ ಎಲೆ. ಬೀಗರನ್ನು ಗದರಿಸುವಂತಿಲ್ಲ, ಕೈ ಮುಗಿದು, “ನೀರಾಗ ಮಾತ್ರ ಉಗಳಬ್ಯಾಡ್ರಿ” ಎಂದೆ. ಸಜ್ಜನರು. ಪೂರಾ ಸುತ್ತು ಗಲ್ಲ ಉಬ್ಬಿಸಿಕೊಂಡೇ ಕುಳಿತಿದ್ದರು. ದಂಡೆಗೆ ಬಂದಾಗ ನಾನು ಕೈಹಿಡಿದು ಇಳಿಸುತ್ತ, ಮರ್ಯಾದೆಗೆ, “ಹೆಂಗಿತ್ರಿ ಬೀಗರ?” ಎಂದು ಕೇಳಿದೆ.

ಅವರೂ ಮರ್ಯಾದಸ್ತರು. ಉತ್ತರ ಕೊಟ್ಟರು.

ನನ್ನ ಬಿಳಿ ಧೋತರ ನೋಡಿ ಮನೆಯಾಕೆ ಸಮಾಧಾನ ಹೇಳಿದಳು: “ಇರ್ಲಿ ಬಿಡ್ರಿ, ಕೆರಿ ಉಳೀತಲ್ಲ. ಇದನ್ನ ಒಯ್ದು ಮತ್ತ ಕೆರ್ಯಾಗ ಒಗೀಬ್ಯಾಡ್ರಿ!”

೩. ಟ್ಯಾಂಕು

ಅದೇ ದೋಣಿಯವನು ಮೊನ್ನೆ ದೊಡ್ಡ ದೋಣಿ ತಂದ. ಮೇಲೆ ಮಾಡು, ಒಳಗೆ ಹಾಸಿಗೆ, ಹಿಂದುಗಡೆ ಒಂದು ಪಾಯಖಾನೆ. ಪಾಯಖಾನೆ ಎಂದ ಕೂಡಲೇ ನನಗೆ ಪೂಜೆಯ ನೀರು ನೆನಪಾಯಿತು. ನಾಳೆಯಿಂದ ಕೊಡ ಹಿಡಿದು ಎಲ್ಲಿಗೆ ಹೋಗಲಿ?

“ನೋಡಪಾ, ಒಂದ ಹನಿನೂ ಅತ್ಲಾಗ ಇತ್ಲಾಗ ಹೋಗಬಾರ್ದು. ಎಲ್ಲಾ ಟ್ಯಾಂಕಿಗೇ ಬೀಳಬೇಕು. ಆಮ್ಯಾಲೆ ಗಾಡಿ ಬಂದು ಜಗ್ಗಿಕೊಂಡು ಹೋಗ್ಲಿ. ಹಂಗಾದ್ರ ಅಷ್ಟ ಪರವಾನಿಗಿ.”

“ಆತ್ರಿ ಯಜಮಾನ್ರ, ಟ್ಯಾಂಕಿಗೇ ಬಿಡ್ತೇನಿ” ಎಂದು ಆಣೆ ಮಾಡಿದ.

ದೋಣಿ ಬಿಡುವ ದಿನ ನಾನು ಬಗ್ಗಿ, ಇಣುಕಿ, ಕೆಳಗೆಲ್ಲ ಹುಡುಕಿದೆ. ಪಾಯಖಾನೆಯಿಂದ ಒಂದು ಕೊಳವೆ ನೆಟ್ಟಗೆ ನೀರಿಗೇ ಇಳಿದಿದೆ.

“ಟ್ಯಾಂಕ್ ಎಲ್ಲೈತೋ?”

ಅವನು ಕೆರೆಯುದ್ದಕ್ಕೂ ಕೈ ಬೀಸಿದ. “ಇಲ್ಲೇ ಐತಲ್ರಿ! ನೀರಾವರಿ ಸಾಹೇಬ್ರು ಬಂದಾಗೊಮ್ಮೆ ಈ ಕೆರಿಗೆ ಟ್ಯಾಂಕ್, ಟ್ಯಾಂಕ್ ಅಂತಾರ. ಇಷ್ಟ ದೊಡ್ಡ ಟ್ಯಾಂಕ್ ಇರುವಾಗ ಮತ್ತೊಂದು ಯಾಕ್ರಿ?”

“ಶಿವನ! ಯಾರರ ಒಳಗ ಹೋಗಿ ಬಂದಾರೇನೋ?” ಎಂದು ಕೇಳಿದೆ.

“ಛೇ ಛೇ, ಇಲ್ರಿ,” ಎಂದ. ಪಾಯಖಾನೆಯ ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ಸರಿಪಡಿಸಿ, ನನ್ನ ಕೈಗೆ ಕತ್ತರಿ ಕೊಟ್ಟ. “ಊರಿಗೆ ಹಿರೇರು ನೀವು. ಉದ್ಘಾಟನಾ ನಿಮ್ಮಿಂದನ ಆಗ್ಲಿ ಅಂತ ಕಾಯಾಕತ್ತೇನ್ರಿ!”