ರೆಸ್ಟ್‌ಲೆಸ್ ಅಂದ್ರ ಏನ್ರಿ ಸಿಸ್ಟರ್?

ದವಾಖಾನೆಯಲ್ಲಿ ಜಡ್ಡಿಗೆ ಗುಳಿಗೆ ಇರುತ್ತದೆ, ಮಾತು ತಿಳಿಯದ್ದಕ್ಕೆ ಇರುವುದಿಲ್ಲ. ಹಾಗಾಗಿ ನಮ್ಮಲ್ಲಿ ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯುತ್ತದೆ.

ನಾನು ಚಿಕ್ಕೋಡಿಯ ಒಂದು ಖಾಸಗಿ ದವಾಖಾನೆಯಲ್ಲಿ ಕೇಸ್ ಪೇಪರ್ ಬರೆಯುವಾಕೆ. ಬಂದವರ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಳ್ಳುವುದಷ್ಟೇ ಕೆಲಸ. ಆದರೆ ಕುರ್ಚಿಯ ಮೇಲೆ ಹತ್ತು ನಿಮಿಷ ನೆಟ್ಟಗೆ ಕೂತದ್ದು ನೆನಪಿಲ್ಲ. "ಅಕ್ಕಾರ, ಸಿಸ್ಟರ್ ಏನೋ ಅನ್ನಾಕತ್ತಾರ, ತಿಳೀವಲ್ದು, ಲಗೂನ ಬರ್ರಿ" ಅಂತ ವಾರ್ಡಿನಿಂದ ಕರೆ ಬರುತ್ತದೆ, ಪೆನ್ನು ಅಲ್ಲೇ ಬಿಟ್ಟು ಓಡುತ್ತೇನೆ. ಸಿಸ್ಟರ್ ಕೇರಳದವರು. ಕೈಗುಣ ಎಷ್ಟು ಒಳ್ಳೆಯದೆಂದರೆ ಅವರು ಸೂಜಿ ಚುಚ್ಚಿದರೆ ಕೂಸುಗಳೂ ಅಳುವುದಿಲ್ಲ. ಮಾತಾಡಿದರೆ ಮಾತ್ರ ದೊಡ್ಡವರೂ ಅಳುತ್ತಾರೆ. ಅವರಿಗೆ ಮಲಯಾಳಂ ಪೂರ್ತಿ, ಇಂಗ್ಲಿಷ್ ಸಾಕಷ್ಟು, ಕನ್ನಡ ಈಗೀಗ. ವಾರ್ಡಿನಲ್ಲಿ ಅರ್ಧ ಕನ್ನಡದವರು, ಅರ್ಧ ಮರಾಠಿಯವರು.

ಇದರ ನಡುವೆ ನನ್ನನ್ನು ಅತಿ ಹೆಚ್ಚು ಓಡಿಸಿದ್ದು ಒಂದೇ ಒಂದು ಇಂಗ್ಲಿಷ್ ಶಬ್ದ.

೧. ಡಿಗ್ರಿ ಆದ ಅಳಿಯ

ಐಗಳಿಯ ಅಜ್ಜ ಒಬ್ಬರು ಜ್ವರ ಬಂದು ಸೇರಿದ್ದರು. ಸಲಾಯಿನ್ ಹಚ್ಚಿತ್ತು. ಸಮಾಧಾನವಿಲ್ಲದೆ ಈ ಮಗ್ಗಲು ಆ ಮಗ್ಗಲು ಹೊರಳುತ್ತಿದ್ದರು. ಸಿಸ್ಟರ್ ಹಾಳೆಯಲ್ಲಿ ‘ಪೇಶಂಟ್ ರೆಸ್ಟ್‌ಲೆಸ್’ ಅಂತ ಬರೆದು ಮುಂದಿನ ಮಂಚಕ್ಕೆ ಹೋದರು.

ಅರ್ಧ ತಾಸಿನ ಮೇಲೆ ನೋಡುತ್ತೇನೆ, ಅಳಿಯ ಅಜ್ಜನ ರಟ್ಟೆ ಹಿಡಿದು ವರಾಂಡದಲ್ಲಿ ಅತ್ತಿಂದಿತ್ತ ನಡೆಸುತ್ತಿದ್ದಾನೆ. ಹಿಂದೆ ಮಗಳು ಸಲಾಯಿನ್ ಬಾಟಲಿಯನ್ನು ಮೇಲೆ ಎತ್ತಿ ಹಿಡಿದು ಬರುತ್ತಿದ್ದಾಳೆ. ಅಜ್ಜನ ಕಾಲುಗಳು ತಟ್ಟಾಡುತ್ತಿವೆ.

"ಏನ್ರಿ ಇದು? ಜ್ವರ ಬಂದವರನ್ನ ಹಿಂಗ ಅಡ್ಡಾಡಸ್ತಾರೇನು?" ಅಂದೆ.

ಅಳಿಯ ತಡವರಿಸಲಿಲ್ಲ. "ಸಿಸ್ಟರ್ ಬರದಾರಲ್ರಿ ಅಕ್ಕಾರ. ಶುಗರ್‌ಲೆಸ್ ಅಂದ್ರ ಸಕ್ಕರಿ ಹಾಕಬ್ಯಾಡ್ರಿ ಅಂತ. ರೆಸ್ಟ್‌ಲೆಸ್ ಅಂದ್ರ ರೆಸ್ಟ್ ಕೊಡಬ್ಯಾಡ್ರಿ ಅಂತ. ನಾನೂ ಡಿಗ್ರಿ ಮಾಡೇನ್ರಿ."

ಅಜ್ಜನನ್ನು ಮತ್ತೆ ಮಂಚಕ್ಕೆ ತಂದು ಮಲಗಿಸಿದೆವು. ಅವರು ದಮ್ಮು ಎಳೆದುಕೊಂಡು ನನ್ನ ಕಡೆ ನೋಡಿದರು. "ಡಿಗ್ರಿ ಆಗೇತಿ ಅಂತ ನೋಡಿ ಮಗಳನ್ನ ಕೊಟ್ನಿವಾ. ನಪಾಸಾದಾವಂಗ ಕೊಟ್ಟಿದ್ರ ಇವತ್ತ ಆರಾಮ ಮಲಗಿರ್ತಿದ್ನಿ."

೨. ಒಂದೇ ಶಬ್ದ, ಎರಡು ಮಂಚ

ಡಾಕ್ಟರ್ ಸಾಹೇಬರಿಗೆ ಸುದ್ದಿ ಮುಟ್ಟಿತು. "ಸಂಬಂಧಿಕರಿಗೆ ಅವರ ಭಾಷೆಯಲ್ಲಿ ಹೇಳಿ" ಅಂತ ಸಿಸ್ಟರ್‌ಗೆ ಬೈದರು. ಸಿಸ್ಟರ್ ಮುಖ ಸಣ್ಣದು ಮಾಡಿಕೊಂಡು ನನ್ನ ಟೇಬಲ್ಲಿಗೆ ಬಂದರು. ನನ್ನನ್ನು ಅವರು ಚೇಚಿ ಅನ್ನುತ್ತಾರೆ. ಅವರ ಕಡೆ ಅಕ್ಕನಿಗೆ ಹಾಗನ್ನುವುದು.

"ಚೇಚಿ, ರೆಸ್ಟ್‌ಲೆಸ್‌ಗೆ ಕನ್ನಡ ಏನು?"

ನನಗೂ ತಟ್ಟನೆ ಹೊಳೆಯಲಿಲ್ಲ. "ಮಲಯಾಳಂದಾಗ ಏನಂತೀರಿ?" ಅಂದೆ.

"ಅಸ್ವಸ್ಥಂ."

"ಅಯ್ಯ, ಅಸ್ವಸ್ಥ ನಮ್ಮಲ್ಲೂ ಐತಲ್ರಿ!" ಅಂದುಬಿಟ್ಟೆ. ನನ್ನ ಅವಸರದ ಬಾಯಿ ಅದು. ನಮ್ಮಲ್ಲಿ ಅಸ್ವಸ್ಥ ಅಂದರೆ ಜಡ್ಡು ಬಿದ್ದವರು ಅನ್ನುವುದು ನೆನಪಾಗುವಷ್ಟರಲ್ಲಿ ಸಿಸ್ಟರ್ ಖುಷಿಯಿಂದ ವಾರ್ಡಿಗೆ ಓಡಿದ್ದರು.

ಮೊದಲನೇ ಮಂಚದಲ್ಲಿ ಐನಾಪುರದ ಒಬ್ಬರು. ಬಂದು ನಾಲ್ಕು ದಿನವಾಗಿತ್ತು, ಅವತ್ತು ಹೊರಳಾಟ ಹೆಚ್ಚಿತ್ತು. ಅವರ ಹೆಂಡತಿ ಪಕ್ಕದಲ್ಲಿ ಕೂತಿದ್ದರು. ಸಿಸ್ಟರ್ ಒಂದೊಂದೇ ಅಕ್ಷರ ಬಿಡಿಸಿ, "ನಿಮ್ಮ ಯಜಮಾನರು ಅಸ್ವಸ್ಥ ಆಗಿದ್ದಾರೆ" ಅಂದರು.

ಆ ತಾಯಿ ದಡಕ್ಕನೆ ಎದ್ದು ನಿಂತರು. "ಅಸ್ವಸ್ಥ ಆಗ್ಯಾರಂತ ತಿಳದನಾ ಇಲ್ಲಿ ತಂದ ಹಾಕೇವ್ರಿ! ನಾಕ ದಿನ ಇಟಗೊಂಡು ಇಷ್ಟ ಕಂಡ ಹಿಡದ್ರೇನ್?"

ಆದರೆ ಎರಡನೇ ಮಂಚದ ಹತ್ತಿರ ನಿಪ್ಪಾಣಿ ಕಡೆಯ ಮರಾಠಿ ಹೆಂಗಸೊಬ್ಬರು ಇದ್ದರು. ಮರಾಠಿಯಲ್ಲಿ ಅಸ್ವಸ್ಥ ಅಂದರೆ ಮಲಯಾಳಂನಂತೆಯೇ, ಜೀವಕ್ಕೆ ಸಮಾಧಾನವಿಲ್ಲ ಅಂತ. ಅವರು ಸಿಸ್ಟರ್ ಹೇಳಿದ್ದನ್ನು ಕೇಳಿ, "ಹೋಯ್ ಸಿಸ್ಟರ್, ಸಕಾಳಪಾಸೂನ್ ಅಸ್ವಸ್ಥಚ್ ಆಹೇತ್" ಅಂದರು. ಹೌದು, ಬೆಳಿಗ್ಗೆಯಿಂದ ಹಾಗೇ ಇದ್ದಾರೆ ಅಂತ ಹೇಳಿ, ತಣ್ಣಗೆ ಗಂಡನ ಕಾಲು ಒತ್ತಲು ಕೂತರು.

ಸಿಸ್ಟರ್ ವಾಪಸು ಬಂದು ನನ್ನೆದುರು ಸೋತವರಂತೆ ನಿಂತರು. "ಚೇಚಿ, ಶಬ್ದ ಸರಿ ಇದೆ. ಪೇಶಂಟ್‌ಗಳ ಮಂಚ ಬದಲು ಮಾಡೋಣವಾ?"

೩. ಪಟ್ಟಿ ಎಲ್ಲಿ?

ರಾಯಬಾಗ ಕಡೆಯ ಒಬ್ಬ ಗಟ್ಟಿ ಆಳು ಕಬ್ಬು ಕಡಿಯುವಾಗ ಕಾಲಿಗೆ ಪೆಟ್ಟು ಮಾಡಿಕೊಂಡು ಬಂದ. ಟವೆಲ್ ಸುತ್ತಿಕೊಂಡಿದ್ದ, ರಕ್ತ ಜಿನುಗುತ್ತಿತ್ತು. ಬೆಂಚಿನ ಮೇಲೆ ಕೂತು ಕಾಲು ಚಾಚಿ ಹೇಳಿದ, "ಸಿಸ್ಟರ್, ಮೊದ್ಲ ಪಟ್ಟಿ ಕಟ್ರಿ."

ಸಿಸ್ಟರ್ ಎರಡು ಹೆಜ್ಜೆ ಹಿಂದೆ ಸರಿದರು. ಬೆಂಚಿನ ಕೆಳಗೆ ಬಗ್ಗಿ ನೋಡಿದರು, ಬಾಗಿಲ ಹಿಂದೆ ನೋಡಿದರು. ಆಮೇಲೆ ವಾಚ್‌ಮನ್‌ಗೆ ಕೂಗಿ, "ಪಟ್ಟಿ ಒಳಗೆ ಬಂದಿದೆಯಂತೆ, ಹೊರಗೆ ಕಟ್ಟಿ!" ಅಂದರು.

ಮಲಯಾಳಂನಲ್ಲಿ ಪಟ್ಟಿ ಅಂದರೆ ನಾಯಿ. ನನಗೆ ಅದು ತಿಳಿದದ್ದು ಆಮೇಲೆ. ಆಗ ಮಾತ್ರ ನಾನು, ವಾಚ್‌ಮನ್, ಸಿಸ್ಟರ್ ಮೂವರೂ ಕೂಡಿ ಇಲ್ಲದ್ದನ್ನು ಹುಡುಕಿದೆವು.

ಪೆಟ್ಟು ತಿಂದವನು ಚಾಚಿದ ಕಾಲು ಹಾಗೇ ಹಿಡಿದು ನಮ್ಮನ್ನೆಲ್ಲ ನೋಡಿ ಅಂದ, "ಅಕ್ಕಾರ, ಕಾಲ ಇಲ್ಲೇ ಐತ್ರಿ. ಬೆಂಚಿನ ಬುಡಕ ಏನ್ ಹುಡಕ್ತೀರಿ?"

೪. ಹೊರಕಡೆ

ಇದು ಕಾಗವಾಡ ಕಡೆಯ ಹಿರಿಯರೊಬ್ಬರದು. ಒಮ್ಮೆಲೇ ಕಣ್ಣಿಗೆ ಕತ್ತಲೆ ಬಂದು ಹೊಲದಲ್ಲಿ ಬಿದ್ದಿದ್ದರು. ಯಾರೂ ಹಿಡಿದುಕೊಳ್ಳದೆ ಮಂಚ ಇಳಿಯಬಾರದು ಅಂತ ಡಾಕ್ಟರ್ ಕಟ್ಟುನಿಟ್ಟು ಮಾಡಿದ್ದರು. ಮಧ್ಯಾಹ್ನ ಮಗ ಊಟ ತರಲು ಹೋದ. ನನ್ನ ಟೇಬಲ್ಲಿನ ಮುಂದೆ ಸಂತೆಯಷ್ಟು ಮಂದಿ.

ಹಿರಿಯರು ಸಿಸ್ಟರನ್ನು ಕರೆದು, "ಹೊರಕಡಿಗೆ ಹೋಗಬೇಕ್ರಿ" ಅಂದರು.

ಸಿಸ್ಟರ್ ಸಮಾಧಾನದಿಂದ, "ಇವತ್ತು ಬೇಡ. ನಾಳೆ ಡಾಕ್ಟರ್ ನೋಡಿ ಬಿಡುತ್ತಾರೆ" ಅಂದರು.

"ನಾಳೆ? ನಾಳಿತನಾ ಹೆಂಗ ತಡಕೊಳ್ಳೂದ್ರಿ?"

"ಎಲ್ಲರೂ ತಡಕೊಳ್ತಾರೆ. ಕೆಲವರು ಎಂಟು ದಿನ ಇರುತ್ತಾರೆ."

ಹಿರಿಯರು ಎದ್ದು ಕೂತರು, ಮಲಗಿದರು, ಮತ್ತೆ ಎದ್ದರು, ಕಾಲು ಹೆಣೆದುಕೊಂಡರು, ಮಂಚದ ಸರಳು ಹಿಡಿದು ಹಲ್ಲು ಕಚ್ಚಿದರು. ಸಿಸ್ಟರ್ ಕಾಲು ಕಾಲು ತಾಸಿಗೊಮ್ಮೆ ‘ರೆಸ್ಟ್‌ಲೆಸ್’ ಅಂತ ಬರೆದರು. ಕೊನೆಗೆ ‘ವೆರಿ ರೆಸ್ಟ್‌ಲೆಸ್’ ಅಂತ ಬರೆದು ಡಾಕ್ಟರಿಗೆ ಫೋನ್ ಮಾಡಿದರು. ಮಲಗಿಸುವ ಇಂಜೆಕ್ಷನ್ ಕೊಡಿ ಅಂತ ಅಪ್ಪಣೆಯಾಯಿತು.

ಸೂಜಿ ಕಂಡಿದ್ದೇ ಹಿರಿಯರು ಚೀರಿದರು, "ಯಾರರ ಬರ್ರೆಪಾ! ಹೊರಕಡಿಗೆ ಹೋಗ್ತೀನಂದ್ರ ಸೂಜಿ ಹಾಕಾಕತ್ತಾರ!"

ಓಡಿದೆ. ಹೊರಕಡೆ ಅಂದರೆ ನಮ್ಮಲ್ಲಿ ಸಂಡಾಸು ಅಂತ ಸಿಸ್ಟರ್ ಕಿವಿಯಲ್ಲಿ ಹೇಳಿದೆ. ಅವರು ಕೆಂಪಗಾಗಿ, ಸೂಜಿ ಎಸೆದು, ತಾವೇ ಒಂದು ರಟ್ಟೆ ಹಿಡಿದರು. ಇನ್ನೊಂದು ನಾನು ಹಿಡಿದೆ. ಅಷ್ಟು ಜೋರಾಗಿ ನಡೆದ ರೋಗಿಯನ್ನು ನಾನು ಇವತ್ತಿಗೂ ಕಂಡಿಲ್ಲ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಿಸ್ಟರ್ ಬಲು ಪ್ರಾಮಾಣಿಕರು. ಹೊಸದಾಗಿ ಕಲಿತ ಕನ್ನಡವನ್ನು ಇಂಗ್ಲಿಷ್‌ಗೆ ತಂದು, ‘ಪೇಶಂಟ್ ವೆಂಟ್ ಔಟ್‌ಸೈಡ್’ ಅಂತ ಹಾಳೆಯಲ್ಲಿ ಬರೆದು ಡ್ಯೂಟಿ ಮುಗಿಸಿ ಹೋದರು.

ಸಂಜೆ ಪಾಳಿಯ ಡಾಕ್ಟರ್ ಬಂದು ಹಾಳೆ ಓದಿದರು. ಮಂಚ ನೋಡಿದರು, ಖಾಲಿ. "ತಲೆ ಸುತ್ತುವ ಪೇಶಂಟ್ ಹೊರಗೆ ಹೋಗಿದ್ದಾನೆ! ಯಾರು ಬಿಟ್ಟಿದ್ದು?" ಅಂತ ಕಿರುಚಿದರು. ವಾಚ್‌ಮನ್‌ನನ್ನು ಬಸ್‌ಸ್ಟ್ಯಾಂಡಿಗೆ ಓಡಿಸಿದರು, ಕೊಲ್ಲಾಪುರದ ಬಸ್ಸು ತಡೆದು ನೋಡು ಅಂತ. ನಾನು ಹೇಳಬೇಕೆಂದು ಬಾಯಿ ತೆರೆದರೆ ಬಿಡಲಿಲ್ಲ. ಪೊಲೀಸರಿಗೆ ಫೋನ್ ಹಚ್ಚಿಯೇಬಿಟ್ಟರು.

ಅಷ್ಟರಲ್ಲಿ ವರಾಂಡದ ತುದಿಯಿಂದ ಹಿರಿಯರು ಮಗನ ಕೈ ಹಿಡಿದು, ಒದ್ದೆ ಕೈ ಧೋತರಕ್ಕೆ ಒರೆಸಿಕೊಳ್ಳುತ್ತ ನಿಧಾನ ಬಂದರು. ಎರಡನೇ ಸಲ ಹೋಗಿ ಬಂದಿದ್ದರು, ಪಾಪ. ಗದ್ದಲ ಎಲ್ಲ ಕೇಳಿಸಿಕೊಂಡು ಮಂಚದ ಮೇಲೆ ಕೂತು, ಡಾಕ್ಟರಿಗೆ ಕೈ ಮುಗಿದರು.

"ಹೋಗೂಮುಂದ ಸೂಜಿ ತಂದ್ರಿ, ಹೋಗಿ ಬಂದ್ರ ಪೊಲೀಸರನ್ನ ಕರಿಯಾಕತ್ತೀರಿ. ಪಂಚನಾಮೆ ಒಂದ ಉಳದೈತಿ, ಅದನ್ನೂ ಮಾಡಸ್ರಿ ಸಾಹೇಬ್ರ. ಆದ್ರ ಒಳಗ ಇನ್ನೂ ನೀರ ಹಾಕಿಲ್ರಿ, ಕೈ ತೊಳಿಯೂದ್ರಾಗ ಬಕೀಟ ಖಾಲಿ ಆತು."